ಒಂದೇ ಬಾಟ್ಲಿಯ ಜೋಡಿ

ಮುಂಜಾನೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಗಳಿಗೆಮಾಪಕದ ಹಸಿರು ದೀಪ ಹತ್ತಿತು. ಗಾಜಿನ ಕಪಾಟಿನೊಳಗೆ ಎರಡು ಉಕ್ಕಿನ ಕೈಗಳು ಔಷಧವನ್ನು ಹನಿಹನಿಯಾಗಿ ಅಳೆದು ಸಲೈನ್ ಚೀಲಕ್ಕೆ ಸೇರಿಸಿ, ಚೀಟಿ ಅಂಟಿಸಿ ಹೊರಗೆ ತಳ್ಳಿದವು. ಚೀಟಿಯ ಮೇಲೆ ಚಂಪವ್ವ ಜಾಲಿಹಾಳ ಎಂಬ ಹೆಸರಿತ್ತು. ಔಷಧಾಲಯದ ಸಹಾಯಕ ದಾವಲಸಾಬ ನದಾಫ ಚೀಲವನ್ನು ಎತ್ತಿಕೊಂಡು ಕಿಟಕಿಯಾಚೆ ನೋಡಿದ. ಕುರ್ಚಿ ಖಾಲಿ. ಚಂಪವ್ವ ಎರಡನೆಯ ಪಾಳಿಗೂ ಬಂದಿರಲಿಲ್ಲ.

ಬಾಗಲಕೋಟೆಯ ಆ ಕ್ಯಾನ್ಸರ್ ಚಿಕಿತ್ಸಾ ಕೇಂದ್ರಕ್ಕೆ ಗಳಿಗೆಮಾಪಕ ಬಂದು ಎರಡು ತಿಂಗಳಾಗಿತ್ತು. ರೋಗಿಯ ಮುಂಗೈಗೆ ಕಟ್ಟಿದ ಪಟ್ಟಿ ಹಗಲಿರುಳೂ ರಕ್ತವನ್ನು ಓದುತ್ತದೆ. ಮನುಷ್ಯನ ಜೀವಕೋಶಗಳು ಎಲ್ಲ ಹೊತ್ತಿನಲ್ಲೂ ಒಂದೇ ಸಮನೆ ಒಡೆಯುವುದಿಲ್ಲ. ಗಡ್ಡೆಗೆ ಔಷಧದ ಏಟು ಚೆನ್ನಾಗಿ ಬಿದ್ದು, ಉಳಿದ ದೇಹಕ್ಕೆ ಕಡಿಮೆ ನೋವಾಗುವ ಒಂದು ಗಳಿಗೆ ಪ್ರತಿಯೊಬ್ಬರಿಗೂ ಬೇರೆಬೇರೆ ಇರುತ್ತದೆ. ಯಂತ್ರ ಆ ಗಳಿಗೆಯನ್ನು ಹುಡುಕಿ, ಅದೇ ಹೊತ್ತಿಗೆ ಔಷಧ ಸಿದ್ಧಪಡಿಸುತ್ತದೆ. ವಾಂತಿ ಅರ್ಧಕ್ಕೆ ಇಳಿದಿತ್ತು. ಇಷ್ಟು ಒಳ್ಳೆಯ ಯಂತ್ರದಲ್ಲಿ ಕೊಂಕು ತೆಗೆಯಲು ಯಾರಿಗೂ ಬಾಯಿ ಬರುವಂತಿರಲಿಲ್ಲ.

ಅದಕ್ಕೂ ಮೊದಲು ಅಲ್ಲಿದ್ದ ಪದ್ಧತಿಯೇ ಬೇರೆ. ಔಷಧ ಬರುತ್ತಿದ್ದದ್ದು ಸಣ್ಣ ಗಾಜಿನ ಬಾಟ್ಲಿಯಲ್ಲಿ. ಒಮ್ಮೆ ತೆರೆದರೆ ಆ ದಿನವೇ ಮುಗಿಸಬೇಕು, ಒಬ್ಬರಿಗೆ ಒಂದು ಬಾಟ್ಲಿ ಹೆಚ್ಚಾಗುತ್ತಿತ್ತು. ಚೆಲ್ಲಲು ಕೈ ಬರುವಂಥ ಅಗ್ಗದ ಔಷಧವೇ ಅದು? ಹಾಗಾಗಿ ದಾವಲಸಾಬ ಒಂದೇ ಔಷಧದ ಇಬ್ಬರನ್ನು ಹುಡುಕಿ ಒಂದೇ ದಿನ ಕರೆಸುತ್ತಿದ್ದ. ಅಕ್ಕಪಕ್ಕ ಕುಳಿತು ನಾಲ್ಕು ತಾಸು ಹನಿ ಇಳಿಸಿಕೊಳ್ಳುವ ಇವರಿಗೆ ಆಸ್ಪತ್ರೆಯಲ್ಲಿ ‘ಬಾಟ್ಲಿ ಜೋಡಿ’ ಎಂದೇ ಹೆಸರು. ಗುಳೇದಗುಡ್ಡದ ಮಗ್ಗದಲ್ಲಿ ರವಿಕೆಯ ಖಣ ನೇಯುವ ಚಂಪವ್ವ, ನಿವೃತ್ತ ಶಿಕ್ಷಕಿ ಇಂದಿರಾಬಾಯಿ ಗಲಗಲಿ ಅಂಥ ಒಂದು ಜೋಡಿ. ಚಂಪವ್ವ ನಗೆಚಾಟಿಕೆಯವಳು. ತಲೆಗೂದಲು ಉದುರಿದಾಗ, “ಬಾಯಾರ, ಎಣ್ಣಿ ಖರ್ಚು ಉಳೀತು ನೋಡ್ರಿ” ಎಂದು ಅಳುತ್ತಿದ್ದ ಇಂದಿರಾಬಾಯಿಯನ್ನು ನಗಿಸಿದ್ದಳು. ಯಂತ್ರ ಬಂದ ಮೇಲೆ ಅವರಿಬ್ಬರ ಗಳಿಗೆಗಳು ಬೇರೆ ಬೇರೆ ದಿನಕ್ಕೆ ಬಿದ್ದವು.

ಆ ಚೀಲ ಹಾಗೇ ಉಳಿದ ಎರಡು ವಾರಕ್ಕೆ, ಒಂದು ಮಧ್ಯಾಹ್ನ, ಯಂತ್ರದ ಶಿಲ್ಪಿ ಡಾ. ವೈಜಯಂತಿ ಮಮದಾಪುರ ಔಷಧಾಲಯಕ್ಕೆ ಬಂದರು.

“ದಾವಲಸಾಬ್, ಎರಡು ತಿಂಗಳಾಗ ಹನ್ನೊಂದು ಮಂದಿ ಚಿಕಿತ್ಸೆ ಬಿಟ್ಟಾರ. ಔಷಧ ಮೊದಲಿಗಿಂತ ಚಲೋ ಹಿಡ್ಯಾಕತ್ತೈತಿ. ಮತ್ಯಾಕ ಬರವಲ್ರು?”

“ಮಶೀನಿಗೆ ಅಂಜಿರಬೇಕ್ರಿ.”

“ಅಂಜಿದ್ರ ಕೈಪಟ್ಟಿ ಬಿಚ್ಚಿ ಒಗೀತಿದ್ರು. ಎಲ್ಲಾರೂ ಕಟ್ಟಿಕೊಂಡ ಅದಾರ. ಈ ಚಂಪವ್ವಂದು ನೋಡ್ರಿ, ಗಡ್ಡಿ ಮತ್ತ ಬೆಳ್ಯಾಕ ಹತ್ತೈತಿ. ಇನ್ನ ತಡಾ ಆದ್ರ ಯಾವ ಔಷಧನೂ ಹಿಡಿಯೂದಿಲ್ಲ. ನೀವು ಗುರ್ತಿನವರು, ಹೋಗಿ ಕರಕೊಂಡ ಬರ್ರಿ.”

ದಾವಲಸಾಬ ಅಂದೇ ಗುಳೇದಗುಡ್ಡದ ಬಸ್ಸು ಹತ್ತಿದ.

ಚಂಪವ್ವ ನಿಂತುಹೋದ ಮಗ್ಗದ ಪಕ್ಕದಲ್ಲಿ ಮಲಗಿದ್ದಳು. ಅವನನ್ನು ಕಂಡು ಎದ್ದು ಕುಳಿತಳು, ನಗಲಿಲ್ಲ.

“ಯಾಕ ಯಕ್ಕಾ, ನಮ್ಮ ಮ್ಯಾಲ ಸಿಟ್ಟೇನು?”

“ಬಾಯಾರ ಹ್ವಾದ ಮ್ಯಾಲ ನಾ ಬಂದು ಏನ ಮಾಡ್ಲಿ, ಅಣ್ಣಾ? ಅವರು ತಗೊಂಡದ್ದೂ ಅದ ಔಷಧ, ನಾ ತಗೊಂಡದ್ದೂ ಅದ. ಓದಿದವರು, ಚಲೋ ಉಂಡುಟ್ಟವರು ಅವರ ಉಳೀಲಿಲ್ಲಂದ್ರ ನಾ ಉಳಿತೀನೇನು?”

“ಯಾರು ಹೇಳಿದ್ರು ಹ್ವಾದ್ರಂತ? ಬಾಯಾರ ಗುಂಡಕಲ್ಲಿನಂಗ ಅದಾರ!”

“ನೀನ ಹೇಳಿದಿ. ಬಾಯಾರ ಎಲ್ಲೆದಾರಂತ ನಾ ಕೇಳಿದ್ರ, ‘ಆರಾಮ ಅದಾರ, ಬ್ಯಾರೆ ದಿನ ಬರತಾರ’ ಅಂದಿ. ಹ್ವಾದ ವರ್ಷ ನಿಂಬೆವ್ವನ ಜೋಡಿ ಸತ್ತಾಗ ಅಕಿಗೂ ಇದ ಮಾತ ಹೇಳಿದ್ದಿ. ಆ ಮಾತಿನ ಅರ್ಥ ಏನಂತ ನಮಗೆಲ್ಲಾರಿಗೂ ಗೊತ್ತೈತಿ.”

ಒಬ್ಬ ರೋಗಿಯ ಸಾವನ್ನು ಇನ್ನೊಬ್ಬರಿಗೆ ಹೇಳಬಾರದೆಂಬುದು ಆಸ್ಪತ್ರೆಯ ರೂಢಿ. ಇಪ್ಪತ್ತೆರಡು ವರ್ಷ ದಾವಲಸಾಬ ಆ ಸುಳ್ಳನ್ನು ಪುಣ್ಯದ ಕೆಲಸವೆಂದೇ ತಿಳಿದು ಹೇಳಿದ್ದ. ಈಗ ಅದೇ ಮಾತು ನಿಜವಾಗಿತ್ತು, ಆದರೆ ಹನ್ನೊಂದು ಮಂದಿಯಲ್ಲಿ ಯಾರೂ ನಂಬಿರಲಿಲ್ಲ. ಯಂತ್ರ ಜೋಡಿಯಿಂದ ಬೇರೆ ಮಾಡಿದ ಆ ಹನ್ನೊಂದೂ ಮಂದಿ ತಮ್ಮ ಜೋಡಿ ಸತ್ತಿತೆಂದು ಮನೆಯಲ್ಲಿ ಕುಳಿತಿದ್ದರು.

ಅವನು ಗಡಬಡಿಸಿ ಇಂದಿರಾಬಾಯಿಗೆ ಫೋನ್ ಹಚ್ಚಿ ಮುಖ ತೋರಿಸಿದ. ಚಂಪವ್ವ ಮುಖ ತಿರುಗಿಸಿದಳು.

“ನಮ್ಮ ಮನಿಯವರು ತೀರಿಕೊಂಡು ನಾಕ ವರ್ಷಾತು. ಹಬ್ಬಕ್ಕೊಮ್ಮೆ ಕಂಪ್ಯೂಟರ್ ಮಾಡಿದ ಮಾರೀಲೆ ಫೋನಿನ್ಯಾಗ ಬಂದು ಊಟಾ ಆತೇನು ಅಂತ ಕೇಳತಾರ. ಈಗಿನ ಫೋನ ನಂಬತಾರೇನು?”

ಮರುದಿನ ದಾವಲಸಾಬ ಆಸ್ಪತ್ರೆಯ ಗಾಡಿಯಲ್ಲಿ ಇಂದಿರಾಬಾಯಿಯನ್ನೇ ಕರೆತಂದ. ಚಂಪವ್ವ ಬಾಗಿಲಲ್ಲಿ ಅವರ ಕೈ ಮುಟ್ಟಿದಳು, ಕೆನ್ನೆ ಮುಟ್ಟಿದಳು, ಆಮೇಲೆ ತೆಕ್ಕೆಬಿದ್ದು ಗೊಳೋ ಎಂದು ಅತ್ತಳು.

“ಹುಚ್ಚಿ, ಜೀವಂತ ಇದ್ದಾಗನ ನನ್ನ ಕೊಂದ್ಯಲ್ಲ!” ಎಂದು ಬೈಯುತ್ತಲೇ ಇಂದಿರಾಬಾಯಿಯೂ ಅತ್ತರು. ಅದೇ ಗಾಡಿಯಲ್ಲಿ ಮೂವರೂ ಬಾಗಲಕೋಟೆಗೆ ಬಂದರು.

ಗಳಿಗೆಮಾಪಕ ಅಂದು ಮೂರು ತಾಸು ಚಂಪವ್ವನ ರಕ್ತವನ್ನು ಓದಿತು. ದೀಪ ಈ ಸಲ ಹಸಿರಾಗಲಿಲ್ಲ. ಡಾ. ವೈಜಯಂತಿ ಮತ್ತೊಮ್ಮೆ ಓದಿಸಿದರು, ಮಗದೊಮ್ಮೆ ಓದಿಸಿದರು. ಗಡ್ಡೆ ಯಕೃತ್ತಿಗೆ ಹಬ್ಬಿತ್ತು. ಆ ದೇಹಕ್ಕೆ ಔಷಧ ಹಿಡಿಯುವ ಗಳಿಗೆ ಉಳಿದಿರಲಿಲ್ಲ.

“ಗಳಿಗಿ ಲೆಕ್ಕಾ ಹಾಕಿದೆ, ದಾವಲಸಾಬ್,” ಎಂದರು ವೈದ್ಯೆ. “ಜೋಡಿ ಅಗಲಿಸಿದ್ರ ಹಿಂಗ ಆಗತೈತಂತ ಹೊಳೀಲೇ ಇಲ್ಲ.”

“ನನಗೂ ಹೊಳೀಲಿಲ್ರಿ. ನಾನರ ದಿನಾ ಅವರ ಮುಂದ ಇರ್ತಿದ್ದೆ,” ಎಂದ ಅವನು.

ಆ ವಾರವೇ ಯಂತ್ರದ ಲೆಕ್ಕವನ್ನು ತಿದ್ದಲಾಯಿತು. ಜೋಡಿಯ ಇಬ್ಬರಿಗೂ ಹೊಂದುವ ನಡುವಿನ ಗಳಿಗೆ ಹುಡುಕುವಾಗ ಔಷಧದ ಬಲ ನೂರಕ್ಕೆ ಒಂಬತ್ತು ಪಾಲು ಕುಂದುತ್ತಿತ್ತು, ಕುಂದಲಿ ಎಂದರು ವೈಜಯಂತಿ. ದಾವಲಸಾಬ ಉಳಿದ ಹತ್ತು ಮಂದಿಯ ಮನೆಗೂ ಅವರವರ ಜೋಡಿಯನ್ನು ಕರೆದೊಯ್ದ. ಎಂಟು ಮಂದಿ ಮರಳಿದರು. ಚಂಪವ್ವ ಔಷಧವಿಲ್ಲದಿದ್ದರೂ ಇಂದಿರಾಬಾಯಿಯ ಪಾಳಿಗೆ ಎರಡು ಸಲ ಬಂದು, ಪಕ್ಕದಲ್ಲಿ ಕುಳಿತು ಹರಟೆ ಹೊಡೆದು ಹೋದಳು.

ಮೂರನೆಯ ಸಲ ಬರಲಿಲ್ಲ.

“ದಾವಲಸಾಬ್, ಚಂಪಾ ಎಲ್ಲಿ?” ಎಂದು ಕೇಳಿದರು ಇಂದಿರಾಬಾಯಿ.

ಹಿರಿಯ ನರ್ಸ್ ದೂರದಿಂದಲೇ ಬೇಡವೆಂದು ಕಣ್ಸನ್ನೆ ಮಾಡಿದಳು. ದಾವಲಸಾಬ ಅವಳತ್ತ ನೋಡಲಿಲ್ಲ.

“ತೀರಿಕೊಂಡ್ರಿ, ಬಾಯಾರ. ಸೋಮವಾರ. ನಾ ಮಣ್ಣಿಗೆ ಹೋಗಿದ್ದೆ.”

ಇಂದಿರಾಬಾಯಿ ಸೆರಗನ್ನು ಬಾಯಿಗೊತ್ತಿಕೊಂಡು ಬಹಳ ಹೊತ್ತು ಅತ್ತರು. ವೈಜಯಂತಿ ಓಡಿ ಬಂದು, “ಇವತ್ತ ಬ್ಯಾಡ, ನಾಳೆ ಹಾಕೂಣು” ಎಂದರು. ಇಂದಿರಾಬಾಯಿ ಅದಕ್ಕೆ ಒಪ್ಪದೆ ಕೈ ಮುಂದೆ ಚಾಚಿದರು.

“ಹಚ್ರಿ. ಅಳ್ಕೋತನ ಹಾಕಿಸ್ಕೋತೀನಿ.”

ಸೂಜಿ ಏರಿತು, ಹನಿ ಇಳಿಯತೊಡಗಿತು. ಅವರು ದಾವಲಸಾಬನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಈಗ ಹೇಳ್ರಿ. ಕಡೀಗೆ ಭಾಳ ನೋವಾತೇನು ಅಕಿಗೆ?”

“ಆತ್ರಿ,” ಎಂದ ದಾವಲಸಾಬ.