ಗೌರಾಜಿಯ ಗೆರೆ

ಬಹಳ ಬಹಳ ಹಿಂದೆ, ಹುಲಿಗೂ ಹಾವಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕಾವಿಪುರ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಗೋಡೆಗೆ ಸುಣ್ಣ ಬಳಿಯುವ ಸೋಮಾಜಿ ಎಂಬ ಯುವಕನಿದ್ದ. ಅವನಿಗೆ ತಂದೆ ತಾಯಿ ಇರಲಿಲ್ಲ, ಗೌರಾಜಿ ಎಂಬ ಅಕ್ಕ ಒಬ್ಬಳೇ. ಸುಣ್ಣದ ಕೊಡ ಹೊತ್ತು ತಮ್ಮನನ್ನು ಸಾಕಿದವಳು ಅವಳು. ಅವನ ಬೆರಳು ಹಿಡಿದು ಹಸಿ ಗೋಡೆಯ ಮೇಲೆ ಅಕ್ಷರ ತಿದ್ದಿಸಿದವಳೂ ಅವಳೇ. ಸಂಜೆ ಕೆಲಸ ಮುಗಿದರೆ, "ಗೋಡೆಗಿಂತ ನಿನ್ನ ಮೂಗೇ ಹೆಚ್ಚು ಬೆಳ್ಳಗಾಗಿದೆ ಕಣೋ" ಎಂದು ನಗುತ್ತಿದ್ದಳು. ಇಬ್ಬರೂ ಮುದ್ದೆ ಉಂಡು ಹಾಯಾಗಿದ್ದರು.

ಅದೇ ರಾಜ್ಯದ ಕರಿಗುಡ್ಡದ ಮೇಲೆ ಗೆರೆಗಳ್ಳ ಎಂಬ ಮಾಂತ್ರಿಕನಿದ್ದ. ಸೀರೆಯ ಅಂಚಿನಿಂದ ಎಳೆ ಕೀಳುವ ಹಾಗೆ ಅವನು ಮನುಷ್ಯರ ಮೈ ಸುತ್ತಲಿನ ಗೆರೆಯನ್ನು ಕಿತ್ತು ತಾನು ತೊಟ್ಟುಕೊಳ್ಳುತ್ತಿದ್ದ. ಗೆರೆ ಹೋದವರು ಬಣ್ಣದ ಹೊಗೆಯಾಗಿ ಉಳಿಯುತ್ತಿದ್ದರು. ಮಾತಾಡಬಲ್ಲರು, ಆದರೆ ಒಂದು ಸೌಟು ಹಿಡಿಯಲಾರರು. ಮೂರನೆಯ ಹುಣ್ಣಿಮೆಯ ದಿನ ಸೂರ್ಯ ಮುಳುಗುವುದರೊಳಗೆ ಗೆರೆ ಮರಳದಿದ್ದರೆ ಗಾಳಿಯಲ್ಲಿ ಬೆರೆತು ಹೋಗುವರು.

ಒಂದು ದಿನ ಗೆರೆಗಳ್ಳ ಪೇಟೆಗೆ ಇಳಿದು ಹನ್ನೊಂದು ಮಂದಿಯ ಗೆರೆ ಕಿತ್ತ. ರಾಜನ ಸೈನ್ಯ ಗುಡ್ಡ ಹತ್ತಿತು. ಇಳಿಯುವಾಗ ಸೇನಾಪತಿಗೇ ಗೆರೆ ಇರಲಿಲ್ಲ! ಆ ಹನ್ನೆರಡು ಮಂದಿಯಲ್ಲಿ ಗೌರಾಜಿಯೂ ಒಬ್ಬಳು.

ಸೋಮಾಜಿ ಅತ್ತ. ಅತ್ತು ಅತ್ತು, ಊರಾಚೆ ಬಣ್ಣ ಅರೆಯುತ್ತಿದ್ದ ಪುಟ್ಟಾಜಮ್ಮ ಎಂಬ ಮುದುಕಿಯ ಬಳಿಗೆ ಹೋದ.

"ಕತ್ತಿಯಿಂದ ಗೆರೆ ಬರುತ್ತೇನೋ ಮಗಾ? ಗೆರೆ ಬರೋದು ಚಿತ್ರ ಬರೆಯೋ ಕೈಯಿಂದ. ನಿಮ್ಮಕ್ಕನ್ನ ಇದ್ದ ಹಾಗೇ ಬರೆದರೆ ಅವಳ ಗೆರೆ ವಾಪಸ್ಸು ಬರುತ್ತೆ. ನಿನಗೆ ಬರೆಯೋಕೆ ಬರುತ್ತಾ?" ಎಂದಳು ಮುದುಕಿ.

"ಕುಂಬಳಕಾಯಿ ಬರೆದರೂ ಬದನೆಕಾಯಿ ಆಗುತ್ತೆ ಅಜ್ಜಿ."

"ಹಾಗಾದರೆ ಮೂರು ಗವಿಗೆ ಹೋಗು. ಮೂವರು ಗುರುಗಳು ಗೋಡೆ ಮೇಲೆ ಮನುಷ್ಯರನ್ನ ಬರೆದಿಟ್ಟು ಹೋಗಿದ್ದಾರೆ. ನೋಡಿ ನೋಡಿ ಬರಿ. ಕಾವಲಿಗಿರೋ ಪ್ರಾಣಿ 'ಸೈ' ಅನ್ನೋವರೆಗೂ ಹೊರಗೆ ಬರಬೇಡ. ಇನ್ನೊಂದು ಮಾತು. ಬರೆದಾದ ಮೇಲೆ ಕೆಳಗೆ ನಿನ್ನ ಹೆಸರು ಹಾಕಬೇಡ. ಯಾರಿಂದ ಕಲಿತೆಯೋ ಅವರ ಹೆಸರು ಹಾಕಿ ಕೈಮುಗಿ. ಹೆಸರು ಬಿದ್ದ ಮೇಲೇ ಚಿತ್ರ ಮುಗಿಯೋದು. ಆ ಗೆರೆಗಳ್ಳನೂ ನನ್ನ ಹತ್ತಿರ ಕಲೀತಿದ್ದವನೇ. ಗುರುಗಳ ಚಿತ್ರದ ನಕಲಿಗೆ ತನ್ನ ಹೆಸರು ಹಾಕಿಕೊಂಡ. ಅವತ್ತಿನಿಂದ ಅವನ ಕೈಯಲ್ಲಿ ಸ್ವಂತ ಗೆರೆ ನಿಲ್ಲಲಿಲ್ಲ, ಕಳ್ಳತನಕ್ಕೆ ಇಳಿದ."

ಮುದುಕಿ ಹುಣಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲನ್ನು ಒಂದು ಚೀಲ ತುಂಬ ಕೊಟ್ಟಳು. ಸೋಮಾಜಿ ಹೊರಟ.

ಮೊದಲನೆಯ ಗವಿಯಲ್ಲಿ ನೀಲಿ ಹುಲಿಯಿತ್ತು. ಗೋಡೆಯ ಮೇಲೆ ಕರಿಯಾಚಾರಿ ಎಂಬ ಗುರು ಬರೆದ ನೀರು ಹೊರುವ ಹೆಂಗಸು. ಸೋಮಾಜಿ ಹತ್ತು ದಿನ ಕೂತು ಬರೆದ. ಕೊರಳಿಗೆ ಕೊರಳು, ಬೆರಳಿಗೆ ಬೆರಳು, ಪಾದದ ಮೇಲೆ ಬಳುಕಿದ್ದ ಕಾಲಂದುಗೆಯ ಸಮೇತ ಬರೆದು ಹುಲಿಗೆ ತೋರಿಸಿದ.

ಹುಲಿ ಮೀಸೆ ಅದುರುವ ಹಾಗೆ ನಕ್ಕಿತು. "ಕಾಲಂದುಗೆ ಎಲ್ಲಿದೆಯೋ? ಅದು ಗೋಡೆ ಬಿರುಕು! ಏಳು ತಲೆಮಾರಿನಿಂದ ಬಂದವರೆಲ್ಲ ಬಿರುಕಿಗೆ ಕಾಲಂದುಗೆ ತೊಡಿಸಿದ್ದಾರೆ. ಅವರು ಹೋಗಲಿ, ನೀನು ಸುಣ್ಣದವನು. ಹುಟ್ಟಿದಾಗಿನಿಂದ ಬಿರುಕು ಮುಚ್ಚಿದವನು. ನಿನಗೂ ಗೊತ್ತಾಗಲಿಲ್ಲವಾ?"

ಸೋಮಾಜಿಯ ಮುಖ ಸಣ್ಣಗಾಯಿತು. "ಗುರುಗಳ ಗೋಡೆಯಲ್ಲಿ ಬಿರುಕು ಇರುತ್ತೆ ಅಂತ ಅನ್ನಿಸಲೇ ಇಲ್ಲ, ಹುಲಿಯಣ್ಣ."

"ಗೋಡೆ ಎಲ್ಲರದ್ದೂ ಒಂದೇ. ಗುರುಗಳ ಕೈ ಎಲ್ಲಿ ಹೋಗಿತ್ತು ಅಂತ ನೋಡು. ಮತ್ತೆ ಬರಿ."

ಸೋಮಾಜಿ ಮತ್ತೆ ಬರೆದ. ಈ ಸಲ ಒಂದೊಂದು ಗೆರೆಯನ್ನೂ ಮೊದಲು ಬೆರಳಿನಿಂದ ಗಾಳಿಯಲ್ಲಿ ಎಳೆದು, ಕೈ ಎಲ್ಲಿ ಒತ್ತಿತ್ತು, ಎಲ್ಲಿ ಹಗುರಾಗಿತ್ತು ಎಂದು ತಿಳಿದುಕೊಂಡು ಬರೆದ. ಕೆಳಗೆ 'ಕರಿಯಾಚಾರಿ' ಎಂದು ಬರೆದು ಕೈಮುಗಿದ. ಹುಲಿ "ಸೈ" ಎಂದಿತು. ಆ ಹೊತ್ತಿಗೆ ಒಂದು ಹುಣ್ಣಿಮೆ ಕಳೆದಿತ್ತು.

ಎರಡನೆಯ ಗವಿಯಲ್ಲಿ ಮೂರು ಹೆಡೆಯ ಸರ್ಪವಿತ್ತು. ಗೋಡೆಯ ಮೇಲೆ ಬಸವಾಚಾರಿ ಎಂಬ ಗುರು ಬರೆದ ಜಟ್ಟಿ. ಆ ಗವಿಯ ಮಹಿಮೆಯೆಂದರೆ, ಬರೆದ ಚಿತ್ರ ನೆಲಕ್ಕಿಳಿದು ನಿಲ್ಲಬೇಕು. ಸೋಮಾಜಿಯ ಜಟ್ಟಿ ಇಳಿದ, ದಬ್ ಎಂದು ಮುಖ ಕೆಳಗಾಗಿ ಬಿದ್ದ. ಎರಡನೆಯವನೂ ಬಿದ್ದ. ಮೂರನೆಯವನು ಬಿದ್ದ ಏಟಿಗೆ ಸರ್ಪದ ಬಾಲ ಚಪ್ಪಟೆಯಾಯಿತು.

"ಇದ್ದಿಲು ಸರಿಯಿಲ್ಲ" ಎಂದ ಸೋಮಾಜಿ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಿತು ಮೊದಲ ಹೆಡೆ. ಉಳಿದೆರಡೂ ಹೌದು ಹೌದು ಎಂದವು.

ಸೋಮಾಜಿ ತಲೆ ಕೆರೆದುಕೊಂಡ. ಗೋಡೆ ನೆಟ್ಟಗಿದೆಯೇ ಎಂದು ಗಾರೆಯವರು ಹೇಗೆ ನೋಡುತ್ತಾರೆ? ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡುತ್ತಾರೆ. ಅವನೂ ಹಾಗೇ ಮಾಡಿ, ದಾರವನ್ನು ಗುರುಗಳ ಜಟ್ಟಿಯ ಮುಂದೆ ಹಿಡಿದ. ಕೊರಳಿನ ಕುಳಿಯಿಂದ ಬಿಟ್ಟ ದಾರ ಎಲ್ಲೆಲ್ಲೋ ಹೋಗಲಿಲ್ಲ, ಭಾರ ಹೊತ್ತ ಕಾಲಿನ ಹಿಮ್ಮಡಿಯ ಮೇಲೆ ಬಂದು ನಿಂತಿತು. ಒಂದು ಕಾಲಿಗೆ ಭಾರ ಬಿದ್ದಾಗ ಸೊಂಟ ಅತ್ತ ಏರುತ್ತದೆ, ಭುಜ ಅತ್ತಲೇ ಇಳಿಯುತ್ತದೆ ಎಂಬುದೂ ಕಂಡಿತು. ಸೋಮಾಜಿಗೆ ಎಷ್ಟು ಸಂತೋಷವಾಯಿತೆಂದರೆ ಸರ್ಪದ ನಡುವಿನ ಹೆಡೆಗೆ ಮುತ್ತಿಟ್ಟ. ನಾಲ್ಕನೆಯ ಜಟ್ಟಿ ಗೋಡೆಯಿಂದಿಳಿದು ನಿಂತು ತೊಡೆ ತಟ್ಟಿದ. ಕೆಳಗೆ ಗುರುಗಳ ಹೆಸರು ಬಿತ್ತು. ಮೂರು ಹೆಡೆಯೂ "ಸೈ" ಎಂದವು. ಎರಡು ಹುಣ್ಣಿಮೆ ಕಳೆದಿದ್ದವು.

ಮೂರನೆಯ ಗವಿಯಲ್ಲಿ ಬೆಳ್ಳಿಯ ಕೊಕ್ಕರೆಯಿತ್ತು. ಗೋಡೆಯ ಮೇಲೆ ಅಂಕಾಜಮ್ಮ ಎಂಬ ಗುರು ಬರೆದ, ಮಗುವಿಗೆ ಉಣಿಸುವ ತಾಯಿ. ಸೋಮಾಜಿ ಇದ್ದಿಲು ತೆಗೆದ. ಕೊಕ್ಕರೆ ಕೊಕ್ಕಿನಿಂದ ಕೈಗೆ ಕುಕ್ಕಿತು.

"ಮೊದಲು ನೋಡು. ಆಮೇಲೆ ನಾನು ರೆಕ್ಕೆಯಿಂದ ಮುಚ್ಚುತ್ತೇನೆ. ಮುಚ್ಚಿದ ಮೇಲೆ ಬರಿ."

ಸೋಮಾಜಿ ಒಂದು ದಿನ ನೋಡಿ ಬರೆದ. ತಾಯಿಯ ಕೈಗೆ ಎರಡು ಹೆಬ್ಬೆರಳು ಬಂದವು. ಐದು ದಿನ ನೋಡಿ ಬರೆದ. ಬೆರಳು ಸರಿಯಾದವು, ತುತ್ತು ಮಗುವಿನ ಕಿವಿಗೆ ಹೋಯಿತು! ಹದಿನೈದು ದಿನ ಸುಮ್ಮನೆ ನೋಡಿದ. ತುತ್ತು ಹಿಡಿದ ಐದು ಬೆರಳು ಹೇಗೆ ಒಂದಕ್ಕೊಂದು ಆತುಕೊಂಡಿವೆ, ತಾಯಿಯ ಬಾಯಿ ತಾನೂ ಹೇಗೆ ಚೂರು ತೆರೆದಿದೆ ಎಂದು ನೋಡಿದ. ಕೊನೆಗೆ ಕಣ್ಣು ಮುಚ್ಚಿದರೂ ತಾಯಿ ಕಾಣುತ್ತಿದ್ದಳು. ಆಗ ಬರೆದು, ಕೆಳಗೆ ಗುರುಗಳ ಹೆಸರು ಹಾಕಿ ಕೈಮುಗಿದ. ಕೊಕ್ಕರೆ ರೆಕ್ಕೆ ಸರಿಸಿ, ಅದನ್ನೂ ಇದನ್ನೂ ನೋಡಿ, "ಸೈ" ಎಂದಿತು.

ಸೋಮಾಜಿ ಓಡೋಡಿ ಕಾವಿಪುರಕ್ಕೆ ಬಂದಾಗ ಮೂರನೆಯ ಹುಣ್ಣಿಮೆಯ ದಿನ, ಮಧ್ಯಾಹ್ನ. ಪೇಟೆ ಚೌಕದಲ್ಲಿ ಹನ್ನೆರಡು ಹೊಗೆಗಳು ತೆಳ್ಳಗಾಗಿ ನಿಂತಿದ್ದವು. ಜನ ಸುತ್ತ ಬಟ್ಟೆ ಹಿಡಿದು ಗಾಳಿಗೆ ಮರೆ ಮಾಡಿದ್ದರು.

"ಬಂದೆಯೇನೋ ತಮ್ಮಾ? ಊಟ ಮಾಡಿದೆಯಾ?" ಎಂದಿತು ಹಳದಿ ಹೊಗೆ.

ಸೋಮಾಜಿ ಗೋಡೆಯ ಮುಂದೆ ನಿಂತು ಬರೆಯತೊಡಗಿದ. ಸರಸರನೆ ಒಬ್ಬ ಹೆಣ್ಣು ಮೂಡಿದಳು. ಜನ ಆಹಾ ಎಂದರು.

"ಯಾರಪ್ಪಾ ಈ ಅಪ್ಸರೆ? ನಾನು ಇಷ್ಟು ಚೆಂದ ಇದ್ದಿದ್ದರೆ ಸುಣ್ಣದ ಕೊಡ ಯಾಕೆ ಹೊರುತ್ತಿದ್ದೆ?" ಎಂದು ಹೊಗೆ ನಕ್ಕಿತು.

ನೋಡಿದರೆ ಹೌದು! ಕೊರಳು ನೀರು ಹೊರುವವಳದು, ಕೈ ಉಣಿಸುವ ತಾಯಿಯದು, ನಿಲುವು ಜಟ್ಟಿಯದು. ಅಕ್ಕ ಎಲ್ಲಿಯೂ ಇರಲಿಲ್ಲ. ಸೋಮಾಜಿ ಎಲ್ಲ ಅಳಿಸಿದ. ಕಣ್ಣು ಮುಚ್ಚಿ, ಕೊಕ್ಕರೆ ಕಲಿಸಿದ ಹಾಗೆ, ಒಳಗೇ ನೋಡಿದ. ಕೊಡ ಹೊತ್ತು ಹೊತ್ತು ಮೇಲೆದ್ದ ಎಡಭುಜ. ಸುಣ್ಣ ತಿಂದ ಉಗುರುಗಳು. ನಗುವಾಗ ಒಂದೇ ಕಡೆ ಏರುವ ಕೆನ್ನೆ. ದಾರ ಬಿಟ್ಟು ಭಾರ ನೋಡಿದ, ಬಿರುಕು ಯಾವುದು ಗೆರೆ ಯಾವುದು ಎಂದು ನೋಡಿದ, ಬರೆದ. ಗೋಡೆಯ ಮೇಲೆ ಗೌರಾಜಿ ನಿಂತಿದ್ದಳು, ಪಕ್ಕದ ಮನೆಯವರೂ ಮಾತಾಡಿಸುವ ಹಾಗೆ.

ಆದರೆ ಹೊಗೆ ಹೊಗೆಯಾಗಿಯೇ ಇತ್ತು.

ಅಷ್ಟರಲ್ಲಿ ಗೆರೆಗಳ್ಳ ಬಂದ. ಸೇನಾಪತಿಯ ಮೀಸೆ, ಗಾಣಿಗರ ಅಜ್ಜನ ಮಂಡಿ, ಗೌರಾಜಿಯ ಎಡಭುಜ ಎಲ್ಲ ಅವನ ಮೈಮೇಲೆ. "ಹೆಸರು ಹಾಕಿಲ್ಲ ನೋಡು, ಚಿತ್ರ ಮುಗಿದಿಲ್ಲ" ಎಂದು ನಕ್ಕ.

ಸೋಮಾಜಿ ಕೆಳಗೆ 'ಕರಿಯಾಚಾರಿ' ಎಂದು ಬರೆದ. ಏನೂ ಆಗಲಿಲ್ಲ. 'ಬಸವಾಚಾರಿ' ಎಂದು ಬರೆದ. ಏನೂ ಆಗಲಿಲ್ಲ. 'ಅಂಕಾಜಮ್ಮ' ಎಂದು ಬರೆದ. ಹೊಗೆ ಇನ್ನಷ್ಟು ತೆಳ್ಳಗಾಯಿತು. ಸೂರ್ಯ ಕರಿಗುಡ್ಡದ ಕಡೆಗೆ ವಾಲತೊಡಗಿದ್ದ.

"ನಿನ್ನ ಹೆಸರೇ ಹಾಕಿಕೋ. ಕಷ್ಟಪಟ್ಟವನು ನೀನು ತಾನೇ? ನಾನೂ ಹಾಗೇ ಅಂದುಕೊಂಡೆ" ಎಂದ ಗೆರೆಗಳ್ಳ, ಬೆಲ್ಲದಂಥ ದನಿಯಲ್ಲಿ.

ಸೋಮಾಜಿಯ ಕೈ ಗೋಡೆಯ ಹತ್ತಿರ ಹೋಯಿತು. ಆಗ ನೆನಪಾಯಿತು. ಹಸಿ ಗೋಡೆ, ಮೂರು ವರ್ಷದ ತನ್ನ ಬೆರಳು, ಆ ಬೆರಳಿನ ಮೇಲೆ ಸುಣ್ಣದ ಇನ್ನೊಂದು ಕೈ.

"ಅಕ್ಕಾ, ನಾನು ಮೊಟ್ಟಮೊದಲು ನೋಡಿ ಬರೆದಿದ್ದು ನಿನ್ನ ಗೆರೆ. ನಿನ್ನ ಭುಜ, ನಿನ್ನ ನಗು ಕಲಿಸಿದ್ದು ಯಾವ ಗುರುವೂ ಅಲ್ಲ" ಎಂದ. ಮೂರು ಹೆಸರಿಗೂ ಕೈಮುಗಿದು ಅಳಿಸಿ, 'ಗೌರಾಜಿ' ಎಂದು ಬರೆದ.

ಗೆರೆಗಳ್ಳನ ಮೈಯಿಂದ ಎಡಭುಜ ಚಟ್ ಎಂದು ಹಾರಿತು. ಹಿಂದೆಯೇ ಉಗುರು, ಕೆನ್ನೆ, ನಗು. ಗೌರಾಜಿ ಇದ್ದ ಹಾಗೇ ನಿಂತು ತಮ್ಮನ ಮೂಗಿನ ಮಸಿ ಒರೆಸಿದಳು. "ಇದೇನೋ, ಮೊದಲು ಬಿಳಿ, ಈಗ ಕಪ್ಪು!" ಎಂದಳು. ಸೋಮಾಜಿ ಅವಳ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ.

"ಆಮೇಲೆ ಅಳುವಿಯಂತೆ, ಇನ್ನೂ ಹನ್ನೊಂದು ಜನ ಇದ್ದಾರೆ!" ಎಂದು ಅಕ್ಕ ಅವನನ್ನು ಗೋಡೆಯ ಕಡೆ ತಿರುಗಿಸಿದಳು. ಪ್ರತಿ ಮನೆಯವರೂ ತಮ್ಮವರು ಹೇಗಿದ್ದರೆಂದು ಕೂಗಿ ಹೇಳಿದರು. ಸೋಮಾಜಿ ಬರೆದ, ಯಾರ ಗೆರೆಯೋ ಅವರೇ ಅದಕ್ಕೆ ಗುರು ಎಂದು ಅವರವರ ಹೆಸರನ್ನೇ ಕೆಳಗೆ ಹಾಕಿದ. ಸೂರ್ಯ ಮುಳುಗುವಷ್ಟರಲ್ಲಿ ಸೇನಾಪತಿಯ ಮೀಸೆಯೂ ಮರಳಿತ್ತು.

ಕದ್ದ ಗೆರೆಯೆಲ್ಲ ಕಳಚಿದ ಮೇಲೆ ಗೆರೆಗಳ್ಳನಲ್ಲಿ ಉಳಿದದ್ದು ಒಬ್ಬ ಬಡಕಲು ಮನುಷ್ಯ, ಅಂಕುಡೊಂಕು ಗೆರೆಯವನು. ಜನ ಕಲ್ಲೆತ್ತಿದರು. ಪುಟ್ಟಾಜಮ್ಮ ತಡೆದು ಅವನನ್ನು ದಿಟ್ಟಿಸಿ, "ಗೆರೆ ಸೊಟ್ಟ, ಆದರೆ ಸ್ವಂತದ್ದು. ನಡಿ, ಬಣ್ಣ ಅರೆಯೋದರಿಂದ ಶುರು ಮಾಡು" ಎಂದು ಕಿವಿ ಹಿಡಿದು ಕರೆದುಕೊಂಡು ಹೋದಳು.

ಗೌರಾಜಿ ಸುಣ್ಣ ಬಳಿದಳು, ಸೋಮಾಜಿ ಅದರ ಮೇಲೆ ಚಿತ್ರ ಬರೆದ. ಕಾವಿಪುರದ ಗೋಡೆಗಳು ತುಂಬಿದವು, ಹೊಟ್ಟೆಗಳೂ ತುಂಬಿದವು. ಮುಂದೆ ಕಲಿಯಲು ಬಂದವರೆಲ್ಲ ಪೇಟೆ ಚೌಕದ ಆ ಮೊದಲ ಚಿತ್ರವನ್ನು ನೋಡಿ ಬರೆಯುತ್ತಿದ್ದರು. ಬರೆದು ಕೆಳಗೆ 'ಸೋಮಾಜಿ' ಎಂದು ಹಾಕಲು ಹೋದರೆ, ಅವನು ಅವರ ಕೈ ಹಿಡಿದು ನಿಲ್ಲಿಸಿ, ಸುಣ್ಣದ ಕೊಡ ಹೊತ್ತು ಬರುತ್ತಿದ್ದ ಅಕ್ಕನ ಕಡೆ ತೋರಿಸುತ್ತಿದ್ದ.