ಹಸಿರು ಬಣ್ಣದ ಕೆಳಗೆ

"ಆ ಚೀಲ ಕೆಳಗಿಡಿ."

ಹಿಂದಿನಿಂದ ಬಂದ ದನಿಗೆ ಅವಳು ಬೆಚ್ಚಿಬಿದ್ದಳು. ಎದೆಗವಚಿಕೊಂಡಿದ್ದ ಚೀಲ ಜಾರಿತು. ಹಿಟ್ಟಿನಷ್ಟು ನುಣ್ಣನೆಯ ಬಿಳಿ ಪುಡಿ ಅರ್ಧ ನೆಲದ ಪಾಲಾಯಿತು, ಇನ್ನರ್ಧ ಗಾಳಿಗೆದ್ದಿತು.

ಬಾಗಿಲಲ್ಲಿ ಯಾರೋ ನಿಂತಿದ್ದ. ಮುಖಕ್ಕೆ ಮಾಸ್ಕು, ತಲೆಗೆ ಟೋಪಿ. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ.

ಔಷಧಿ ಕಾರ್ಖಾನೆಯ ಆ ಕೋಟಿಂಗ್ ಕೋಣೆಯಲ್ಲಿ ಅವಳ ಮೇಲೆ ದನಿ ಎತ್ತಿದವರೇ ಇರಲಿಲ್ಲ. ಮರದ ನಾರಿನಿಂದ ತಯಾರಾದ ಆ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮಾತ್ರೆಗಳಿಗೆ ಮೇಲುಹೊದಿಕೆ ಹಾಕುವುದು ಅವಳ ಕೆಲಸ. ನೋಡಲು ಸಾಧು ಪುಡಿ. ಆದರೆ ಚೀಲದಿಂದ ಸುರಿಯುವಾಗ ವಿದ್ಯುತ್ತು ಹುಟ್ಟುತ್ತದೆ. ಒಂದು ಸಣ್ಣ ಕಿಡಿ ಹಾರಿದರೂ ಸಾಕು, ಗಾಳಿಯಲ್ಲಿರುವ ಪುಡಿ, ಸ್ಪಿರಿಟ್ಟಿನ ಆವಿ ಎರಡೂ ಭಗ್ಗನೆ ಹೊತ್ತಿಕೊಳ್ಳುತ್ತವೆ. ಅದಕ್ಕೇ ಸ್ಟೀಲ್ ತೊಟ್ಟಿಗೊಂದು ತಂತಿ, ತಂತಿಯ ತುದಿಗೊಂದು ಕ್ಲಿಪ್ಪು. ಆ ಕ್ಲಿಪ್ಪನ್ನು ನೆಲದೊಳಗೆ ಇಳಿದ ಕಬ್ಬಿಣದ ಕೊಳವೆಗೆ ಕಚ್ಚಿಸಿದರೆ ವಿದ್ಯುತ್ತು ಮಣ್ಣು ಸೇರುತ್ತದೆ.

ಆರು ವರ್ಷದಲ್ಲಿ ಒಂದು ದಿನವೂ ಅವಳು ಕ್ಲಿಪ್ ಹಾಕದೆ ಚೀಲ ಬಿಚ್ಚಿದವಳಲ್ಲ. ಇಡೀ ಕಾರ್ಖಾನೆ ಅವಳನ್ನು ಕರೆಯುತ್ತಿದ್ದದ್ದೇ 'ಕ್ಲಿಪ್ ಮೇಡಂ' ಎಂದು.

"ಯಾರ್ರೀ ನೀವು?"

"ಹೊಸ ಸೇಫ್ಟಿ ಆಫೀಸರ್. ಆ ಕ್ಲಿಪ್ಪು..."

"ಹಾಕಿದೆ. ಕಣ್ಣು ಕಾಣಲ್ವಾ?"

"ಕಾಣ್ತಿದೆ ಮೇಡಂ, ಅದಕ್ಕೇ ಹೇಳ್ತಿರೋದು. ಅದು..."

"ನನ್ನ ಪುಡಿ ಚೆಲ್ಲಿಸಿ ನನಗೇ ಪಾಠ ಹೇಳೋಕೆ ಬಂದ್ರಾ? ಮೊದಲು ಹೊರಗೆ ನಡೀರಿ."

ಅವನು ಹೊರಗೆ ನಡೆಯಲಿಲ್ಲ. ಪುಡಿ ಚೆಲ್ಲಿದ್ದು ತನ್ನಿಂದಲೇ ಎಂಬ ಸಂಕೋಚಕ್ಕೋ ಏನೋ, ಮೂಲೆಯಲ್ಲಿದ್ದ ಒದ್ದೆ ಮಾಪು ಎತ್ತಿಕೊಂಡು ಬಂದ.

"ನೀರು ತಾಗಿಸ್ಬೇಡಿ..." ಎಂದು ಅವಳು ಹೇಳುವುದರೊಳಗೆ ಮಾಪು ಪುಡಿಯ ಮೇಲಿತ್ತು. ಒದ್ದೆಯಾದರೆ ಆ ಪುಡಿ ಲೋಳೆಯಾಗಿ ಜಾರುತ್ತದೆ. ಎರಡು ಹೆಜ್ಜೆಗೆ ಸೇಫ್ಟಿ ಆಫೀಸರ್ ನೆಲಕ್ಕೆ ಅಂಗಾತ.

ಜೊತೆ ಕೆಲಸದ ಹೆಂಗಸರು ಮಾಸ್ಕಿನೊಳಗೇ ಕಿಸಕ್ಕೆಂದರು.

ಅವನು ಎದ್ದ. ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ. "ತಪ್ಪು ನನ್ನದು. ಇದನ್ನ ಒಣಗಿರುವಾಗಲೇ ಹೀರೋ ಮೆಷಿನ್ನಲ್ಲಿ ಎಳೀಬೇಕು ಅಂತ ಗೊತ್ತಿತ್ತು. ಗಾಬರೀಲಿ ಮರೆತೆ" ಎಂದು ಎಲ್ಲರೆದುರೇ ಹೇಳಿ ಹೊರಟುಹೋದ.

'ತಪ್ಪು ನನ್ನದು' ಎಂದ ಅಧಿಕಾರಿಯನ್ನು ಅವಳು ಆ ಕಾರ್ಖಾನೆಯಲ್ಲಿ ಕಂಡಿರಲಿಲ್ಲ. ದಿನವಿಡೀ ಆ ಬಿಳಿ ರೆಪ್ಪೆಗಳು ನೆನಪಾಗುತ್ತಲೇ ಇದ್ದವು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಮರುದಿನ ಬೆಳಿಗ್ಗೆ ಕೋಣೆಗೆ ಬೀಗ! ಬಾಗಿಲಿಗೆ ಅಡ್ಡಲಾಗಿ ಕೆಂಪು ಪಟ್ಟಿ.

"ಸೇಫ್ಟಿಯವರ ವರದಿ ಅಮ್ಮ" ಎಂದರು ಮ್ಯಾನೇಜರ್. "ಮುಂದಿನ ತಿಂಗಳು ಈ ಕೋಣೆಗೆ ನಿನ್ನನ್ನೇ ಇನ್‌ಚಾರ್ಜ್ ಮಾಡೋದು ಅಂತಿತ್ತು. ಈಗ ತನಿಖೆ ಮುಗೀಲಿ. ಅಲ್ಲೀವರೆಗೆ ಪ್ಯಾಕಿಂಗ್‌ಗೆ ಹೋಗು."

ಸಿಟ್ಟು ನೆತ್ತಿಗೇರಿತು. ಸೇಫ್ಟಿ ಆಫೀಸರ್ ಕೋಣೆಗೆ ನುಗ್ಗಿ ಮೇಜು ಗುದ್ದಿದಳು. "ನೀವು ಬಿದ್ದಾಗ ನಾಲ್ಕು ಜನ ನಕ್ಕರು ಅಂತ ನನ್ನ ಹೊಟ್ಟೆ ಮೇಲೆ ಹೊಡೀತೀರಾ?"

"ಅದಕ್ಕಲ್ಲ. ಐದೇ ನಿಮಿಷ ಬನ್ನಿ, ಆ ಕೊಳವೆ ತೋರಿಸ್ತೀನಿ."

"ನನಗೆ ತೋರಿಸ್ತೀರಾ? ಹತ್ತು ವರ್ಷದ ಹಿಂದೆ ಅದೇ ಕೋಣೇಲಿ ನಮ್ಮಕ್ಕನ ಎರಡೂ ಕೈ ಸುಟ್ಟುಹೋಯ್ತು. ಕ್ಲಿಪ್ ಹಾಕಿರಲಿಲ್ಲ, ಅವಳದೇ ಅಜಾಗರೂಕತೆ ಅಂತ ಬರೆದು ಮನೆಗೆ ಕಳಿಸಿದ್ರು. ಕ್ಲಿಪ್ಪಿನ ವಿಷಯ ನನ್ನ ಹತ್ರ ಮಾತಾಡ್ಬೇಡಿ."

ಅವನು ಪೆನ್ನು ಕೆಳಗಿಟ್ಟ. "ಹಾಕಿರಲಿಲ್ಲ ಅಂತ ನಿಮ್ಮಕ್ಕನೂ ಹೇಳ್ತಾರಾ?"

ಅವಳು ಮೇಜನ್ನು ಇನ್ನೊಮ್ಮೆ ಗುದ್ದಿ ಹೊರಗೆ ಬಂದಳು.

ಸಂಜೆ ಮನೆಗೆ ಬಂದರೆ ಟೀಪಾಯಿಯ ಮೇಲೆ ಎರಡು ಖಾಲಿ ಲೋಟ.

"ನಿಮ್ಮ ಸೇಫ್ಟಿ ಸಾಹೇಬರು ಬಂದಿದ್ರು" ಎಂದಳು ಅಕ್ಕ. ಸುಟ್ಟು ಮುದುಡಿದ ಬೆರಳುಗಳಲ್ಲೇ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

"ಮನೆವರೆಗೂ ಬಂದ್ನಾ? ನೀನು ಯಾಕೆ ಒಳಗೆ ಬಿಟ್ಟೆ? ನನ್ನ ಕೋಣೆ ಮುಚ್ಚಿಸಿದ ಮನುಷ್ಯನಿಗೆ ಉಪಚಾರ ಬೇರೆ!"

"ಹಾರಾಡ್ಬೇಡ, ಕೂತ್ಕೋ. ಅವರು ಕೇಳಿದ್ದು ಒಂದೇ ಪ್ರಶ್ನೆ. ಕ್ಲಿಪ್ಪನ್ನ ಯಾವ ಕೈಲಿ ಹಾಕಿದ್ರಿ ಅಂತ."

ಅವಳು ಅಕ್ಕನ ಮುಖ ನೋಡಿದಳು.

"ಅವತ್ತಿಂದ ಎಲ್ಲರೂ ಹಾಕಿದ್ಯಾ, ಇಲ್ವಾ ಅಂತಾನೇ ಕೇಳಿದ್ದು. ಹಾಕಿದ್ದೆ ಅಂದ್ರೆ ಒಬ್ರೂ ಬರ್ಕೊಳ್ಳಲಿಲ್ಲ. ಇವರು ಯಾವ ಕೈ ಅಂದ್ರು. ಎಡಗೈ, ಬಲಗೈಲಿ ಚೀಲ ಹಿಡಿದಿದ್ದೆ ಅಂದೆ. ಅದನ್ನ ಹಾಗೇ ಬರ್ಕೊಂಡ್ರು ಕಣೇ."

"ಅಕ್ಕಾ... ನಾನು..."

"ನೀನೂ ನಂಬಿರಲಿಲ್ಲ. ದಿನಾ ಹೊರಡುವಾಗ, 'ನಾನಂತೂ ಕ್ಲಿಪ್ ಹಾಕದೆ ಚೀಲ ಮುಟ್ಟಲ್ಲ' ಅಂತಿದ್ಯಲ್ಲ... ಆ 'ನಾನಂತೂ' ನನಗೆ ಕೇಳಿಸ್ತಿತ್ತು."

ಅಕ್ಕ ಕೋಪದಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಅಕ್ಕ ಮಾಮೂಲಿ ದನಿಯಲ್ಲಿ ಹೇಳಿ ಲೋಟ ತೊಳೆಯಲು ಎದ್ದು ಹೋದಳು.

ಬೆಳಿಗ್ಗೆ ಅವಳು ಪ್ಯಾಕಿಂಗ್‌ಗೆ ಹೋಗಲಿಲ್ಲ. ನೇರ ಕೋಟಿಂಗ್ ಕೋಣೆಗೆ ನಡೆದಳು. ತೊಟ್ಟಿ ಖಾಲಿ ಮಾಡಿಸಿ, ಪುಡಿಯ ಚೀಲಗಳನ್ನೆಲ್ಲ ಹೊರಗೆ ಸಾಗಿಸಿ, ಅವನು ಮೊಣಕಾಲೂರಿ ಆ ಕೊಳವೆಯ ಹಸಿರು ಬಣ್ಣ ಕೆರೆಯುತ್ತಿದ್ದ.

"ತೋರಿಸಿ" ಎಂದಳು. ದನಿಯಲ್ಲಿ ಇನ್ನೂ ಬಿಸಿ ಇತ್ತು.

ವಿದ್ಯುತ್ತು ಹರಿಯುತ್ತದೋ ಇಲ್ಲವೋ ತೋರಿಸುವ ಮೀಟರನ್ನು ಅವನು ಅವಳ ಕೈಗೇ ಕೊಟ್ಟ. ಹಸಿರು ಬಣ್ಣದ ಮೇಲೆ ಕ್ಲಿಪ್ ಕಚ್ಚಿಸಿದಳು, ಆರು ವರ್ಷ ಮಾಡಿದ ಹಾಗೇ. ಮುಳ್ಳು ಅಲುಗಲಿಲ್ಲ. ಕೆರೆದ ಜಾಗದಲ್ಲಿ, ಹೊಳೆಯುವ ಕಬ್ಬಿಣಕ್ಕೆ ಕಚ್ಚಿಸಿದಳು. ಮುಳ್ಳು ಚಂಗನೆ ಎದ್ದಿತು.

"ಬಣ್ಣ ವಿದ್ಯುತ್ತನ್ನ ದಾಟೋಕೆ ಬಿಡಲ್ಲ ಮೇಡಂ. ಅವತ್ತು ಹೇಳೋಕೆ ಬಂದಿದ್ದು ಇದನ್ನೇ. ಹಸಿರಿನ ಕೆಳಗೆ ನೋಡಿ, ನೀಲಿ. ನೀಲಿ ಬಣ್ಣ ಹೊಡೆಸಿದ್ದು ನಿಮ್ಮಕ್ಕನಿಗೆ ಹಾಗಾಗೋ ಮುಂಚಿನ ವರ್ಷ. ಸ್ಟೋರಿನ ಹಳೇ ಕಡತದಲ್ಲಿದೆ." ಅವನು ತಲೆ ಎತ್ತಿದ. "ಅವರು ಕ್ಲಿಪ್ ಹಾಕಿದ್ರು. ಬಣ್ಣದ ಮೇಲೆ."

ಆರು ವರ್ಷ ತನ್ನನ್ನು ಕಾಪಾಡಿದ್ದು ಕ್ಲಿಪ್ಪಲ್ಲ, ಬರೀ ಅದೃಷ್ಟ! ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು...

"ಈ ಹಸಿರು ಹೊಡೆಸಿದ್ದು ನಾನೇ" ಎಂದಳು. "ಹೋದ ವರ್ಷ ಪರಿಶೀಲನೆಗೆ ಬರ್ತಾರೆ, ಕೋಣೆ ಲಕ್ಷಣವಾಗಿ ಕಾಣ್ಲಿ ಅಂತ."

"ಗೊತ್ತು."

"ಗೊತ್ತಿದ್ದೂ ಮ್ಯಾನೇಜರ್‌ಗೆ ಯಾಕೆ ಹೇಳ್ಲಿಲ್ಲ? ನನ್ನ ಮೇಲೆ ಕರುಣೆನಾ? ಯಾರು ಕೇಳಿದ್ರು ನಿಮ್ಮ ಕರುಣೆ?"

"ಕರುಣೆ ಏನಿಲ್ಲ. ತನಿಖೆ ವರದೀಲಿ, ಬಣ್ಣ ಯಾರು ಹೊಡೆಸಿದ್ದು ಅನ್ನೋ ಸಾಲು ಖಾಲಿ ಬಿಟ್ಟಿದ್ದೀನಿ. ನೀವು ಇವತ್ತು ಸಂಜೆವರೆಗೂ ಬರೀದಿದ್ರೆ ನಾನೇ ಬರೀತೀನಿ." ಅವನು ವರದಿಯ ಹಾಳೆ ಮುಂದೆ ಹಿಡಿದ.

ಆ ಉತ್ತರ ಅವಳಿಗೆ ಇಷ್ಟವಾಯಿತು. ಇಷ್ಟವಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಪೆನ್ನು ಕಿತ್ತುಕೊಂಡು ಖಾಲಿ ಸಾಲಿನಲ್ಲಿ ತನ್ನ ಹೆಸರು ಬರೆದಳು. ಇನ್‌ಚಾರ್ಜ್ ಕೆಲಸ ಅಲ್ಲಿಗೆ ಮುಗಿಯಿತು ಎಂಬುದು ಬರೆಯುವಾಗಲೇ ಗೊತ್ತಿತ್ತು.

ಹಾಳೆ ಹಿಂದಕ್ಕೆ ಕೊಡುವಾಗ ವರದಿಯ ಮೊದಲ ಸಾಲು ಕಣ್ಣಿಗೆ ಬಿತ್ತು. 'ಹತ್ತು ವರ್ಷದ ಹಿಂದಿನ ಬೆಂಕಿಯ ದಿನ ಕೆಲಸಗಾರ್ತಿ ಎಡಗೈಯಿಂದ ಕ್ಲಿಪ್ ಹಾಕಿದ್ದರು. ತಪ್ಪು ಅವರದಲ್ಲ.'

ಮೂರು ದಿನದ ಕೋಪವೆಲ್ಲ ಕಣ್ಣಿಂದ ಇಳಿಯತೊಡಗಿತು. ಅವನು ಕೊಳವೆಯ ಕಡೆ ತಿರುಗಿ ಮತ್ತೆ ಬಣ್ಣ ಕೆರೆಯುತ್ತ ಕುಳಿತ. ಅವಳು ಮುಖ ಒರೆಸಿಕೊಳ್ಳುವವರೆಗೂ ತಿರುಗಿ ನೋಡಲಿಲ್ಲ.

ಹನ್ನೆರಡು ದಿನದ ಮೇಲೆ ಕೋಣೆ ತೆರೆಯಿತು. ಅಲ್ಲಿಯವರೆಗೆ ದಿನಾ ಸಂಜೆ, ತನಿಖೆಗೆ ಬೇಕಾದ ವಿವರ ಕೊಡಲು ಅವಳು ಅವನ ಮೇಜಿನ ಎದುರು ಕೂತಿದ್ದಳು. ಇನ್‌ಚಾರ್ಜ್ ಆಗಿ ಬೇರೆಯವರು ಬಂದಿದ್ದರು; ಅವಳಿಗೆ ಹಳೆಯ ಕೆಲಸವೇ ಉಳಿಯಿತು. ಗೋಡೆಗೆ ಬಣ್ಣವಿಲ್ಲದ ತಾಮ್ರದ ಪಟ್ಟಿ, ಅದರ ಮೇಲೊಂದು ಪುಟ್ಟ ದೀಪ. ಕ್ಲಿಪ್ ಸರಿಯಾಗಿ ಕಚ್ಚಿದರೆ ಮಾತ್ರ ಉರಿಯುವ ದೀಪ.

ಅವನು ಮ್ಯಾನೇಜರ್ ಹತ್ತಿರ ಜಗಳವಾಡಿ ಅನುಮತಿ ಪಡೆದು ಅಕ್ಕನನ್ನು ಕರೆತಂದಿದ್ದ. ಅಕ್ಕ ಎಡಗೈ ಚಾಚಿದಳು. ಮುದುಡಿದ ಬೆರಳಿಗೆ ಕ್ಲಿಪ್ಪು ಎರಡು ಸಲ ಜಾರಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಮೂರನೆಯ ಸಲ ಕಚ್ಚಿತು.

ದೀಪ ಉರಿಯಿತು.

"ನೋಡಿದ್ಯೇನೇ?" ಎಂದಳು ಅಕ್ಕ.

"ನೋಡಿದೆ ಅಕ್ಕ" ಎಂದು ಅವಳು ಆ ಕೈಗಳನ್ನು ಹಿಡಿದುಕೊಂಡಳು.

ಹೊರಗೆ ಕಾರಿಡಾರಿನಲ್ಲಿ ಅವನು ಕಾಯುತ್ತಿದ್ದ. "ಇನ್ನೂ ಕೋಪ ಇದೆಯಾ?"

"ಇದೆ. ಕೊಳವೆ ಮೇಲೆ, ಆ ಹಳೇ ತನಿಖೆ ಮೇಲೆ, ನನ್ನ ಮೇಲೆ... ನಿಮ್ಮ ಮೇಲೂ ಸ್ವಲ್ಪ."

"ನೀವು ನನ್ನ ಮೇಜು ಗುದ್ದಿ ಹೋದ್ರಲ್ಲ, ಅವತ್ತಿಂದ ಆ ಮೇಜಿನ ಎದುರು ನೀವಿಲ್ಲದಿದ್ರೆ ನನಗೆ ಕೆಲಸವೇ ಓಡ್ತಿಲ್ಲ." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನನ್ನನ್ನ ಮದುವೆ ಆಗ್ತೀರಾ?"

ಮಾಸ್ಕಿಲ್ಲದ ಅವನ ಮುಖವನ್ನು ಅವಳು ಮೊದಲ ಸಲ ಸಾವಧಾನವಾಗಿ ನೋಡಿದಳು.

"ನನ್ನ ಸಿಟ್ಟು ಬೇಗ ಇಳಿಯೋ ಅಂಥದ್ದಲ್ಲ."

"ಪರವಾಗಿಲ್ಲ, ಕಾಯ್ತೀನಿ."

"ನಮ್ಮನೆ ದಾರಿ ಗೊತ್ತಿದೆಯಲ್ಲ?" ಅವಳ ತುಟಿಯಂಚಿನಲ್ಲಿ ನಗು ಇಣುಕಿತು. "ಈ ಸಲ ನಾನು ಇರುವಾಗ ಬನ್ನಿ."