ಆರೂವರೆಯ ಚಂದ್ರ

“ಎಂಟೂ ಹತ್ತು ಬ್ಯಾಡವಾ, ಆರೂವರಿ ಹಾಕು,” ಅಂದರು ಹೆಡ್ ಸರ್.

ಶೈಲಾಳ ಬೆರಳು ರಿಮೋಟಿನ ಮೇಲೆ ನಿಂತಿತು. ಶಾಲೆಗೆ ಹೊಸದಾಗಿ ಬಂದ ಕಂಪ್ಯೂಟರ್ ದೂರದರ್ಶಕದ ರಿಮೋಟ್ ಅದು. ಸ್ವಿಚ್ ಹಾಕಿದ ಕೂಡಲೇ ಅದರ ಪುಟ್ಟ ಪರದೆ ಟೈಮ್ ಎಷ್ಟು ಅಂತ ಕೇಳುತ್ತದೆ. ಟೈಮ್ ಹಾಕಿ ‘ಚಂದ್ರ’ ಅಂತ ಒತ್ತಿದರೆ ಸಾಕು, ದೂರದರ್ಶಕ ಕುಂಯ್ ಅಂತ ತಿರುಗಿ ತಾನೇ ಹುಡುಕುತ್ತದೆ; ಹಾಕಿದ ಟೈಮ್ ಪರದೆಯ ಮೇಲೆ ಹಾಗೇ ಇರುತ್ತದೆ. ಆರನೇ ಇಯತ್ತೆಯಲ್ಲಿ ಅದನ್ನು ಕಲಿತವಳು ಶೈಲಾ ಒಬ್ಬಳೇ.

“ಸರ್, ಈಗ ಎಂಟೂ ಹತ್ತು ಆಗೇತ್ರಿ.”

“ಆಮಂತ್ರಣ ಪತ್ರಿಕಾದಾಗ ಆರೂವರಿಗೆ ಸರಿಯಾಗಿ ಅಂತ ಐತಿ. ಫೋಟೋದಾಗ ಎಂಟೂ ಹತ್ತು ಬಂದ್ರ, ಸಾಹೇಬ್ರು ತಡಾ ಮಾಡಿದ್ರು ಅಂತ ನಾವ ಸಾಕ್ಷಿ ಹೇಳಿದಂಗ ಆಕ್ಕೈತಿ.”

ಉದ್ಘಾಟನೆಯ ಸಾಹೇಬರು ಆಗಷ್ಟೇ ಜೀಪಿನಿಂದ ಇಳಿದಿದ್ದರು. ಅಲ್ಲಿಯತನಕ ಮಕ್ಕಳು ರಸ್ತೆಯಲ್ಲಿ ಯಾವ ಗಾಡಿ ಸಪ್ಪಳವಾದರೂ ಎದ್ದು ಸ್ವಾಗತ ಗೀತೆ ಹಾಡಿದ್ದರು. ಒಂದು ಸಲ ಶೇಂಗಾ ಹೊತ್ತ ಟ್ರ್ಯಾಕ್ಟರಿಗೂ ಹಾಡಿಯಾಗಿತ್ತು.

ಶೈಲಾ ಆರೂವರೆ ಹಾಕಿದಳು. ದೂರದರ್ಶಕ ತಿರುಗಿ, ಧ್ವಜಕಂಬದ ನೆತ್ತಿಯ ಮೇಲಕ್ಕೆ ಮುಖ ಮಾಡಿ ನಿಂತಿತು. ಸಾಹೇಬರು ಬಗ್ಗಿ ಕಣ್ಣಿಟ್ಟರು.

“ಏನೂ ಇಲ್ಲಲ್ರಿ. ಬರೇ ಕರ್ರಗೈತಿ.”

ಮನೆಮನೆಗೆ ಡಿಶ್ ಕೂಡಿಸುವ ವೀರು ಮುಂದೆ ಬಂದ. “ಸಿಗ್ನಲ್ ಬರವಲ್ದು,” ಅಂದ. ಬ್ಯಾಟರಿ ಬದಲಿಸಿದ. ಕೇಬಲ್ ಕಿತ್ತು, ಉಫ್ ಅಂತ ಊದಿ, ಮತ್ತೆ ಸಿಕ್ಕಿಸಿದ. ಪ್ರತಿ ಸಲವೂ ಸ್ವಿಚ್ ಆರಿಸಿ ಹಾಕಬೇಕು. ಪ್ರತಿ ಸಲವೂ ಅದು ಟೈಮ್ ಕೇಳುವುದು, ಹೆಡ್ ಸರ್ “ಆರೂವರಿ” ಅನ್ನುವುದು. ಪ್ರತಿ ಸಲವೂ ಅದೇ ಧ್ವಜಕಂಬ, ಅದೇ ಕಪ್ಪು ಆಕಾಶ.

“ಚಂದ್ರ ಅಲ್ಲಿ ಬೇವಿನ ಗಿಡದ ಮ್ಯಾಲ ಕುಂತಾನಲ್ರಿ,” ಅಂದ ಜವಾನ ಶೇಖಸಾಬ. “ಕೈಲೆ ತಿರುವಿದ್ರ ಆತಿಲ್ಲ?”

“ಕೈಲೆ ತಿರುವಾಕ ಕಂಪ್ಯೂಟರ್ ಯಾಕ ಬೇಕೋ ಮಾರಾಯಾ? ಮುಟ್ಟಬ್ಯಾಡ, ವಾರಂಟಿ ಹೋಕ್ಕೈತಿ,” ಅಂದರು ಹೆಡ್ ಸರ್.

ಸಾಹೇಬರು ಗಡಿಯಾರ ನೋಡಿಕೊಂಡರು. “ಕೆಟ್ಟಿದ್ರ ನಾಳೆ ಪ್ಯಾಕ್ ಮಾಡಿ ವಾಪಸ್ ಕಳಿಸ್ರಿ. ಬ್ಯಾರೆ ಶಾಲಿಯವ್ರು ಕೇಳಾಕತ್ತಾರ.”

ಶೈಲಾ ತಿರುಗಿ ನೋಡಿದಳು. ಹಿಂದೆ ಅರವತ್ತು ಮಕ್ಕಳ ಸಾಲು. ಎಲ್ಲರಿಗಿಂತ ಮುಂದೆ ಗೆಳತಿ ಕೌಸರ. ಯಾರೂ ಇನ್ನೂ ನೋಡಿಲ್ಲ. ಸಂಜೆ ಆರೂವರೆಗೆ ಪ್ರಾಕ್ಟೀಸ್ ಮಾಡುವಾಗ ಶೈಲಾ ಒಬ್ಬಳೇ ಅರ್ಧ ನಿಮಿಷ ನೋಡಿದ್ದಳು. ಆಮೇಲೆ ಬ್ಯಾಟರಿ ಉಳಿಯಲಿ ಅಂತ ಹೆಡ್ ಸರ್ ಆರಿಸಿಬಿಟ್ಟಿದ್ದರು.

ಅವಳು ಧ್ವಜಕಂಬದ ಕಡೆ ನೋಡಿದಳು. ಪ್ರಾಕ್ಟೀಸಿನಲ್ಲಿ ಚಂದ್ರ ಇದ್ದದ್ದು ಅಲ್ಲೇ, ಸರಿಯಾಗಿ ಅದರ ನೆತ್ತಿಯ ಮೇಲೆ. ಈಗ ಬೇವಿನ ಗಿಡಕ್ಕೆ ಸರಿದಿದ್ದಾನೆ. ಹಾಗಾದರೆ ಇದು ಕೆಟ್ಟಿಲ್ಲ. ಆರೂವರೆ ಅಂದರೆ ಆರೂವರೆಯ ಜಾಗಕ್ಕೇ ಹೋಗಿ ನಿಲ್ಲುತ್ತಿದೆ.

“ಸರ್, ಅದು ಕೆಟ್ಟಿಲ್ರಿ. ನಾವ ಟೈಮ್ ಸುಳ್ಳ...”

“ಶ್! ಸುಮ್ಮನಿರು.” ಹೆಡ್ ಸರ್ ಸಾಹೇಬರನ್ನು ಆಚೆ ಕರೆದೊಯ್ದು ಕಪ್ಪತಗುಡ್ಡದ ಕಡೆ ಕೈ ತೋರಿಸಿದರು. “ಅಲ್ನೋಡ್ರಿ ಸರ್, ಕೆಂಪಗೆ. ಮಂಗಳ ಗ್ರಹ. ಬರಿಗಣ್ಣಿಗೇ ಕಾಣತೈತಿ.”

“ಮಿಣಮಿಣ ಅನ್ನಾಕತ್ತೈತಿ?”

“ಮಂಗಳ ಹಂಗರಿ ಸರ್.”

ಅದು ಗಾಳಿಯಂತ್ರದ ತಲೆಯ ಮೇಲಿನ ಲೈಟು. ಒಂದನೇ ಇಯತ್ತೆಯವರಿಗೂ ಗೊತ್ತು.

ಶೈಲಾ ಸ್ವಿಚ್ ಆರಿಸಿ ಹಾಕಿದಳು. ಟೈಮ್ ಎಷ್ಟು ಅಂತ ಅದು ಮತ್ತೆ ಕೇಳಿತು.

“ಕಾಕಾ, ಟೈಮ್ ಎಷ್ಟರಿ?”

“ಯಾವ ಟೈಮ್ ಬೇಕವಾ,” ಅಂದ ಶೇಖಸಾಬ. “ಖರೇದ್ದೋ, ಪತ್ರಿಕಾದ್ದೋ?”

“ಖರೇದ್ದು.”

“ಎಂಟೂ ನಲವತ್ತೆರಡು.”

ಒತ್ತಿದಳು. ದೂರದರ್ಶಕ ನಿಧಾನಕ್ಕೆ ಧ್ವಜಕಂಬ ಬಿಟ್ಟು, ಬೇವಿನ ಗಿಡದ ಮೇಲೆ ಬಂದು ನಿಂತಿತು.

ಸದ್ದು ಕೇಳಿ ಬಂದ ಸಾಹೇಬರು ಕಣ್ಣಿಟ್ಟರು. ಆಮೇಲೆ, “ಅಯ್ಯ, ಮಾರಿ ತುಂಬ ಸಿಡುಬಿನ ಕಲಿ ಅದಾವಲ್ರಿ ಇವಗ,” ಅಂದರು.

“ನಂದೊಂದು ಸಣ್ಣ ಅಡ್ಜಸ್ಟ್‌ಮೆಂಟ್ ಇತ್ರಿ ಸರ್,” ಅಂದರು ಹೆಡ್ ಸರ್. ರಿಮೋಟ್ ಇಸಿದುಕೊಂಡು, ಟೈಮಿನ ಮೇಲೆ ಹೆಬ್ಬೆರಳು ಇಟ್ಟು, ಫೋಟೋಕ್ಕೆ ನಿಂತರು.

ಕೌಸರ ನೋಡಿದಳು. ಅರವತ್ತೂ ಮಕ್ಕಳು ನೋಡಿದರು.

ಮರುದಿನ ಫೋಟೋ ನೋಟಿಸ್ ಬೋರ್ಡಿಗೆ ಬಂತು. ಕೆಳಗೆ ‘ಸಂಜೆ 6:30ಕ್ಕೆ ಸರಿಯಾಗಿ’ ಅಂತ ಬರೆದಿತ್ತು. ಟೈಮ್ ಮುಚ್ಚಲು ಹೆಡ್ ಸರ್ ಹೆಬ್ಬೆರಳು ಮಾತ್ರ ಸಾಲದೇ ಹೋಗಿತ್ತು. ಅದರ ಮಗ್ಗುಲಿಂದ ‘42’ ಇಣುಕುತ್ತಿತ್ತು.

ಚಂದ್ರನನ್ನು ಎಷ್ಟು ಗಂಟೆಗೆ, ಎಲ್ಲಿ ನೋಡಿದಿರಿ, ಬರೆಯಿರಿ ಅಂದರು ವಿಜ್ಞಾನದ ರೋಜಾ ಟೀಚರ್. ಎಲ್ಲರೂ ಬೋರ್ಡು ನೋಡಿ 6:30 ಬರೆದರು. ಶೈಲಾ ಬರೆದಳು: 8:42, ಬೇವಿನ ಗಿಡದ ಮೇಲೆ.

ಕೌಸರ ಇಣುಕಿದಳು. “ಲೇ, ಬೋರ್ಡಿನ್ಯಾಗ ಆರೂವರಿ ಐತಿ.”

“ಆರೂವರಿಗೆ ನೀ ಏನ್ ಮಾಡಾಕತ್ತಿದ್ದಿ?”

ಕೌಸರ ನೆನಪಿಸಿಕೊಂಡಳು. “ಟ್ರ್ಯಾಕ್ಟರಿಗೆ ಹಾಡಾಕತ್ತಿದ್ದೆ.”

ಅವಳು ತನ್ನ ವಹಿಯಲ್ಲಿ ಬರೆದ 6:30 ನೋಡಿದಳು. ಶೈಲಾ ತನ್ನ ರಬ್ಬರ್ ಅವಳ ಕಡೆ ಸರಿಸಿದಳು.